ಲೈನ್ ಲಾರಿಯಿಂದ ಲೋಕಲ್ ಸ್ಟೇರಿಂಗಿಗೆ: 14 ಸೂತ್ರಗಳು

‘ಸಾಕು ಮಾರಾಯ, ಊರಲ್ಲೇ ಒಂದು ಗಾಡಿ ಹಿಡೀತೀನಿ.’ ನ್ಯಾಷನಲ್ ಪರ್ಮಿಟ್ ಲಾರಿ ಓಡಿಸುವವರ ಬಾಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. ನಾಗ್ಪುರದ ಗೋದಾಮಿನ ಮುಂದೆ ಅನ್‌ಲೋಡಿಗಾಗಿ ದಿನಗಟ್ಟಲೆ ಕಾದಾಗ, ಹಬ್ಬದೂಟ ಡಾಬಾದಲ್ಲಿ ಮುಗಿದಾಗ, ಮಗಳು ಫೋನಿನಲ್ಲಿ ‘ಯಾವಾಗ ಬರ್ತೀಯಪ್ಪ’ ಎಂದಾಗ ಆ ಮಾತು ಗಟ್ಟಿಯಾಗುತ್ತದೆ. ಆದರೆ ಹಾಗೆ ಊರಿಗೆ ಬಂದವರಲ್ಲಿ ಕೆಲವರು ವರ್ಷ ತುಂಬುವ ಮೊದಲೇ ಮತ್ತೆ ಲೈನಿಗೆ ಹತ್ತುವುದೂ ಉಂಟು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದಲ್ಲ, ಹಳೆಯ ಲೆಕ್ಕ ತಲೆಯಿಂದ ಇಳಿದಿರುವುದಿಲ್ಲ. ಲೈನಿನಲ್ಲಿ ದುಡಿಮೆಯ ಅಳತೆ ಕಿಲೋಮೀಟರು, ಟ್ರಿಪ್ಪು, ಬಾಟಾ. ಲೋಕಲ್‌ನಲ್ಲಿ ನೀವು ಮಾರುವುದು ನಿಮ್ಮ ಗಂಟೆಗಳನ್ನು. ಇದೊಂದು ತಲೆಗೆ ಹೋದರೆ ಉಳಿದದ್ದು ಅಭ್ಯಾಸ.

1. ತಿಂಗಳ ಮೊತ್ತ ಬಿಡಿ, ಗಂಟೆಗೆ ಎಷ್ಟು ಬಿತ್ತು ನೋಡಿ

ಒಂದು ಉದಾಹರಣೆ ತೆಗೆದುಕೊಳ್ಳಿ. ಲೈನಿನಲ್ಲಿ ಸಂಬಳ, ಬಾಟಾ ಸೇರಿ ತಿಂಗಳಿಗೆ 32,000 ರೂಪಾಯಿ ಸಿಗುತ್ತದೆ ಅಂದುಕೊಳ್ಳೋಣ. ತಿಂಗಳಲ್ಲಿ 25 ದಿನ ಹೊರಗೆ. ಓಡಿಸುವುದು, ಲೋಡಿಗೆ ಕಾಯುವುದು, ಗಾಡಿ ಕಾಯುವುದು ಎಲ್ಲ ಸೇರಿ ದಿನಕ್ಕೆ 16 ಗಂಟೆ. ಒಟ್ಟು 400 ಗಂಟೆ. ಊಟ, ಸ್ನಾನ, ಟೀ ಎಂದು ದಿನಕ್ಕೆ 250 ರೂಪಾಯಿ ಕೈಬಿಟ್ಟರೆ ಉಳಿಯುವುದು 25,750. ಗಂಟೆಗೆ ಸುಮಾರು 64 ರೂಪಾಯಿ. ಈಗ ಊರಿನ ಕೆಲಸ ನೋಡಿ: ಸಂಬಳ 22,000, ದಿನಕ್ಕೆ 10 ಗಂಟೆಯಂತೆ 26 ದಿನ, ಬೈಕಿನ ಪೆಟ್ರೋಲು, ಟೀ ಖರ್ಚು 2,000. ಉಳಿದ 20,000ವನ್ನು 260 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 77 ರೂಪಾಯಿ.

ಗಂಟೆಯ ಬೆಲೆ ಏರಿತು, ನಿಜ. ಆದರೆ ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು 5,750 ರೂಪಾಯಿ ಕಡಿಮೆಯಾಯಿತು. ಸಾಲದ ಕಂತು ಗಂಟೆಯ ಬೆಲೆ ಕೇಳುವುದಿಲ್ಲ. ಆದ್ದರಿಂದ ಎರಡೂ ಲೆಕ್ಕವನ್ನು ನಿಮ್ಮದೇ ಅಂಕಿ ಹಾಕಿ ಒಂದೇ ಹಾಳೆಯಲ್ಲಿ ಬರೆಯಿರಿ. ಆ ಕೊರತೆಯನ್ನು ಎಲ್ಲಿ ತುಂಬಿಸುತ್ತೀರಿ ಎಂದು ಮನೆಯವರ ಜೊತೆ ಕೂತು ತೀರ್ಮಾನಿಸಿ. ಉತ್ತರ ಸಿಗದಿದ್ದರೆ ಇನ್ನು ಕೆಲವು ತಿಂಗಳು ಲೈನಿನಲ್ಲೇ ಇದ್ದು ಸಾಲ ಇಳಿಸಿ.

2. ಅಡ್ವಾನ್ಸ್ ಚುಕ್ತಾ ಮಾಡಿ, ಚೀಟಿ ಪಡೆಯಿರಿ

ಎಷ್ಟೋ ಚಾಲಕರನ್ನು ಲೈನಿಗೆ ಕಟ್ಟಿಹಾಕಿರುವುದು ಓನರ್ ಕೊಟ್ಟ ಅಡ್ವಾನ್ಸು. ಮದುವೆಗೆ, ಆಸ್ಪತ್ರೆಗೆ ಪಡೆದ ದುಡ್ಡು ಬಾಟಾದಲ್ಲಿ ಮುರಿಯುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಬಿಡುವ ಮುಂಚೆ ಅಡ್ವಾನ್ಸು, ಡೀಸೆಲ್ ಲೆಕ್ಕ, ಟ್ರಿಪ್ ಶೀಟು, ಶಾರ್ಟೇಜು ಎಲ್ಲವನ್ನೂ ಕೂತು ಮುಗಿಸಿ. ‘ಬಾಕಿ ಇಲ್ಲ’ ಎಂದು ಸಹಿ ಹಾಕಿಸಿಕೊಳ್ಳಿ. ನಿಮ್ಮ ಅಸಲು ಡಿಎಲ್ ಓನರ್ ಬಳಿ ಇದ್ದರೆ ಅದನ್ನೂ ಅದೇ ದಿನ ವಾಪಸು ಪಡೆಯಿರಿ. ಹೊರರಾಜ್ಯದಲ್ಲಿ ನಿಮ್ಮ ಹೆಸರಿನಲ್ಲಿ ದಂಡವೋ ಕೇಸೋ ಬಾಕಿ ಇದ್ದರೆ ಈಗಲೇ ತೀರಿಸಿ. ಹೊಸ ಕೆಲಸಕ್ಕೆ ದಾಖಲೆ ಪರಿಶೀಲಿಸುವಾಗ ಅದು ಎದ್ದು ಬರುತ್ತದೆ.

3. ಮೊದಲು ಡಿಎಲ್ ಓದಿ, ಆಮೇಲೆ ಕೆಲಸ ಹುಡುಕಿ

ನಿಮ್ಮ ಪರವಾನಗಿಯಲ್ಲಿ ಏನೇನಿದೆ ಎಂಬುದೇ ನಿಮಗೆ ಯಾವ ಕೆಲಸ ಸಿಗುತ್ತದೆ ಎಂಬುದನ್ನು ಹೇಳುತ್ತದೆ.

ಸಾರಿಗೆ ವಾಹನದ ಪರವಾನಗಿ ನವೀಕರಣ ಈಗ 5 ವರ್ಷಕ್ಕೊಮ್ಮೆ. ವೈದ್ಯಕೀಯ ಪ್ರಮಾಣಪತ್ರ ಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ. 2019ರ ತಿದ್ದುಪಡಿಯ ನಂತರ, ಹಿಂದೆ ಇದ್ದ 30 ದಿನದ ರಿಯಾಯಿತಿಯೂ ಇಲ್ಲ. ಅವಧಿ ಮುಗಿದ ಡಿಎಲ್‌ನಲ್ಲಿ ಒಂದು ದಿನ ಓಡಿಸಿದರೂ ಅದು ಡಿಎಲ್ ಇಲ್ಲದಂತೆಯೇ.

ಪೆಟ್ರೋಲ್, ಗ್ಯಾಸ್ ಟ್ಯಾಂಕರಿಗೆ ಹೋಗುವುದಾದರೆ ಅಪಾಯಕಾರಿ ಸರಕಿನ ತರಬೇತಿ ಪಡೆದು ಡಿಎಲ್‌ನಲ್ಲಿ ನಮೂದು ಮಾಡಿಸಬೇಕು. ಅದರ ಅವಧಿ 3 ವರ್ಷ, ನವೀಕರಣಕ್ಕೆ ಮರುತರಬೇತಿ. ಬಸ್ಸಿಗೆ ಹೋಗುವುದಾದರೆ ಪ್ರಯಾಣಿಕ ವಾಹನದ ಬ್ಯಾಡ್ಜ್ ಬೇಕು. ಸಾರಿಗೆ ನಿಗಮಗಳ ನೇಮಕಾತಿಗೆ ಎಸ್ಸೆಸ್ಸೆಲ್ಸಿ, ಎತ್ತರ, ವಯಸ್ಸಿನ ಷರತ್ತು, ಟ್ರ್ಯಾಕಿನ ಮೇಲೆ ಚಾಲನಾ ಪರೀಕ್ಷೆ ಇವೆ. ಲಾರಿಯ ಅನುಭವವೊಂದೇ ಸಾಲದು. ಚಿಕ್ಕ ಗೂಡ್ಸ್ ಗಾಡಿಗೆ ಇಳಿಯುವವರಿಗೆ ಹಾದಿ ಸಲೀಸು: ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಪರವಾನಗಿಯಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

4. ‘ಲೋಕಲ್’ ಅಂದರೆ ಒಂದೇ ಕೆಲಸವಲ್ಲ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಲೋಕಲ್ ಕೆಲಸಕ್ಕೂ ಅದರದೇ ಗಡಿಯಾರವಿದೆ.

ಹಾಲಿನ ಗಾಡಿ: ಊರು ಏಳುವ ಮೊದಲೇ ಡೈರಿಯ ಗೇಟಿನಲ್ಲಿ ಇರಬೇಕು. ಬೆಳಗಿನ ತಿಂಡಿಯ ಹೊತ್ತಿಗೆ ಮುಖ್ಯ ಕೆಲಸ ಮುಗಿಯುತ್ತದೆ, ಆದರೆ ರಜೆ ಎಂಬುದು ಅಪರೂಪ. ಯುಗಾದಿಯಂದೂ ಮನೆಗೆ ಹಾಲು ಬೇಕಲ್ಲ!

ಶಾಲಾ ಬಸ್: ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನದ ಮೇಲೆ ಇನ್ನೊಂದು. ನಡುವಿನ ಹೊತ್ತು ನಿಮ್ಮದು. 1997ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಶಾಲಾ ಬಸ್ ಚಾಲಕನಿಗೆ ಭಾರಿ ವಾಹನದಲ್ಲಿ ಕನಿಷ್ಠ 5 ವರ್ಷದ ಅನುಭವ ಇರಬೇಕು, ಅತಿವೇಗಕ್ಕೋ ಕುಡಿದು ಓಡಿಸಿದ್ದಕ್ಕೋ ಒಮ್ಮೆ ದಂಡ ಬಿದ್ದವರೂ ಬೇಡ ಎಂದಿತ್ತು. ಲೈನಿನಲ್ಲಿ ಶುದ್ಧ ದಾಖಲೆ ಇಟ್ಟುಕೊಂಡವರಿಗೆ ಇಲ್ಲಿ ಬೆಲೆ ಇದೆ.

ರೆಡಿಮಿಕ್ಸ್ ಕಾಂಕ್ರೀಟ್ ಗಾಡಿ: ತುಂಬಿದ ಎರಡು ಗಂಟೆಯೊಳಗೆ ಸುರಿಯಬೇಕೆಂಬುದು ಮಾನಕ. ನಗರದಲ್ಲಿ ಭಾರಿ ವಾಹನಕ್ಕೆ ಹಗಲಿನ ನಿರ್ಬಂಧ ಇರುವುದರಿಂದ ರಾತ್ರಿ ಕೆಲಸವೇ ಹೆಚ್ಚು. ‘ರಾತ್ರಿ ಮನೇಲಿ ಮಲಗಬೇಕು’ ಎಂದು ಲೈನ್ ಬಿಟ್ಟವರಿಗೆ ಇದು ಹೊಂದದು.

ಗೋದಾಮಿನ ಗಾಡಿ: ಹೊಸಕೋಟೆ, ನೆಲಮಂಗಲ, ಮಾಲೂರಿನ ಸುತ್ತ ಗೋದಾಮುಗಳು ಎದ್ದಿವೆ. ಗೋದಾಮಿನಿಂದ ಗೋದಾಮಿಗೆ ಓಡುವುದು ಬೇರೆ, ಮನೆಮನೆಗೆ ಕೊಡುವುದು ಬೇರೆ. ಮೊದಲನೆಯದಕ್ಕೆ ಲೈನಿನ ಚಾಲಕ ಬೇಗ ಒಗ್ಗುತ್ತಾನೆ.

ಫ್ಯಾಕ್ಟರಿ ಬಸ್: ಪೀಣ್ಯ, ಬಿಡದಿ, ಬೊಮ್ಮಸಂದ್ರದಂಥ ಕಡೆ ಪಾಳಿಗೆ ತಕ್ಕಂತೆ ಓಡಾಟ. ಸಮಯ ಐದು ನಿಮಿಷ ತಪ್ಪಿದರೆ ಬಸ್ಸಿನಲ್ಲಿದ್ದ ಅಷ್ಟೂ ಜನರ ಹಾಜರಾತಿ ತಡವಾಗುತ್ತದೆ.

ಎಲೆಕ್ಟ್ರಿಕ್ ಸಿಟಿ ಬಸ್: ಬಿಎಂಟಿಸಿಯ ಗುತ್ತಿಗೆ ಎಲೆಕ್ಟ್ರಿಕ್ ಬಸ್ಸುಗಳ ಚಾಲಕರು ಬಸ್ ಒದಗಿಸುವ ಕಂಪನಿಯ ನೌಕರರೇ ಹೊರತು ನಿಗಮದವರಲ್ಲ. ಸೇರುವ ಮುನ್ನ ಯಾರ ಹೆಸರಿನಲ್ಲಿ ಸಂಬಳ ಬರುತ್ತದೆ ಎಂದು ತಿಳಿದುಕೊಳ್ಳಿ.

5. ಹನ್ನೆರಡು ತಿಂಗಳೂ ಕೆಲಸ ಇದೆಯೇ ಕೇಳಿ

ಲೈನಿನಲ್ಲಿ ಒಂದು ಕಡೆ ಲೋಡು ಬಿದ್ದುಹೋದರೆ ಇನ್ನೊಂದು ಕಡೆ ಸಿಗುತ್ತದೆ. ಲೋಕಲ್‌ನಲ್ಲಿ ಊರಿನ ಋತುವೇ ನಿಮ್ಮ ಋತು. ಮಲ್ಪೆ, ಮಂಗಳೂರಿನ ಮೀನಿನ ಗಾಡಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ನಿಷೇಧದ ಕಾಲ. ಮಂಡ್ಯ, ಬಾಗಲಕೋಟೆ, ಬೆಳಗಾವಿಯ ಕಬ್ಬಿನ ಗಾಡಿಗೆ ಕಾರ್ಖಾನೆ ಅರೆಯುವಷ್ಟು ದಿನ ಮಾತ್ರ ಕೆಲಸ. ಬೆಂಗಳೂರಿನ ನೀರಿನ ಟ್ಯಾಂಕರಿಗೆ ಬೇಸಿಗೆಯೇ ಸುಗ್ಗಿ. 2024ರ ಮಾರ್ಚ್‌ನಲ್ಲಂತೂ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಮಳೆ ಹಿಡಿದ ಮೇಲೆ ಅದೇ ಟ್ಯಾಂಕರು ಮರದಡಿ ನಿಂತಿರುತ್ತದೆ. ಶಾಲಾ ಬಸ್ಸಿನವರು ಏಪ್ರಿಲ್, ಮೇ ಸಂಬಳದ ಮಾತನ್ನು ಸೇರುವ ದಿನವೇ ಎತ್ತಬೇಕು. ವಾರ್ಷಿಕ ಆದಾಯವನ್ನು 12ರಿಂದ ಭಾಗಿಸಿ, ಬಂದದ್ದೇ ನಿಮ್ಮ ನಿಜವಾದ ತಿಂಗಳ ಸಂಬಳ.

6. ಬಿಡುವ ಮುಂಚೆ ಬದಲಿಯಾಗಿ ಓಡಿಸಿ ನೋಡಿ

ಎರಡು ಟ್ರಿಪ್ಪಿನ ನಡುವೆ ಒಂದೆರಡು ವಾರ ಬಿಡುವು ಮಾಡಿಕೊಂಡು ಪರಿಚಯದವರ ಗಾಡಿಗೆ ಬದಲಿ ಚಾಲಕನಾಗಿ ಹೋಗಿ. ಒಂದು ಸೋಮವಾರದ ಟ್ರಾಫಿಕ್ಕು, ಒಂದು ಮಳೆಯ ಸಂಜೆ, ಒಂದು ತಿಂಗಳ ಕೊನೆಯ ರಶ್ಶು ಕಂಡರೆ ಸಾಕು, ಆ ಕೆಲಸ ನಿಮಗೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

7. ಓಡಿಸಿದ ದಾರಿಗಳನ್ನೇ ನಿಮ್ಮ ಬಯೋಡೇಟಾ ಮಾಡಿ

‘ಹದಿನೈದು ವರ್ಷದ ಎಕ್ಸ್‌ಪೀರಿಯನ್ಸ್ ಇದೆ ಸಾರ್’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಯಾವ ಗಾಡಿ, ಎಷ್ಟು ಚಕ್ರ, ಎಷ್ಟು ಟನ್ನು, ಯಾವ ಸರಕು, ಯಾವ ದಾರಿ. ಲೋಡು ತುಂಬಿದ ಗಾಡಿಯನ್ನು ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಇಳಿಸಿದವನಿಗೆ ಬ್ರೇಕು ಬಿಸಿಯಾಗದಂತೆ ಗೇರಿನಲ್ಲಿ ಗಾಡಿ ಹಿಡಿಯುವುದು ಗೊತ್ತು. ಟಾರ್ಪಲ್ ಕಟ್ಟುವುದು, ಟಯರು ನೋಡಿ ಗಾಳಿ ಹೇಳುವುದು, ಎಂಜಿನ್ ಸದ್ದಿನಲ್ಲೇ ತೊಂದರೆ ಹಿಡಿಯುವುದು ಊರೊಳಗೇ ಬೆಳೆದ ಚಾಲಕರಿಗೆ ಸುಲಭಕ್ಕೆ ಬರದು. ಹಳೆಯ ಓನರ್‌ನಿಂದ ‘ಅಪಘಾತವಿಲ್ಲ, ಸರಕು ನಷ್ಟವಿಲ್ಲ’ ಎಂಬ ಒಂದು ಪತ್ರ ಸಿಕ್ಕರೆ ಅದನ್ನೂ ಜೊತೆಗಿಡಿ.

8. ಕೈ ಕುಲುಕುವ ಮುಂಚೆ ಎಂಟು ಪ್ರಶ್ನೆ ಕೇಳಿ

ಸಂಬಳ ಯಾವ ತಾರೀಕಿಗೆ, ಬ್ಯಾಂಕಿಗೋ ಕೈಗೋ?
ದಿನಕ್ಕೆ ಎಷ್ಟು ಗಂಟೆ, ಮೀರಿದರೆ ಓಟಿ ಇದೆಯೇ?
ವಾರದ ರಜೆ ಯಾವತ್ತು?
ಲೋಡಿಂಗ್, ಅನ್‌ಲೋಡಿಂಗ್ ಯಾರದು?
ಸಿಗ್ನಲ್, ಪಾರ್ಕಿಂಗ್ ದಂಡ ಯಾರ ತಲೆಗೆ?
ಪಂಕ್ಚರ್, ಸಣ್ಣ ಡೆಂಟಿಗೆ ಸಂಬಳದಲ್ಲಿ ಮುರಿಯುತ್ತೀರಾ?
ಪಿಎಫ್, ಇಎಸ್‌ಐ ಇದೆಯೇ?
ಅಪಘಾತವಾದರೆ ವಕೀಲ, ಜಾಮೀನು ಯಾರು ನೋಡುತ್ತಾರೆ?

ಇವನ್ನು ಕೇಳಲು ಸಂಕೋಚ ಬೇಡ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆದಿಟ್ಟಿತ್ತು. ಗಾಡಿಯ ಕಾಗದವನ್ನೂ ನೋಡಿ. ಲೈನಿನಲ್ಲಿ ಸವೆದ ಲಾರಿಗಳೇ ಎಷ್ಟೋ ಸಲ ಲೋಕಲ್ ಕೆಲಸಕ್ಕೆ ಬರುತ್ತವೆ. ನೋಂದಣಿ ಸಂಖ್ಯೆ ಹಾಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ, ಎಫ್‌ಸಿ ಚಾಲ್ತಿಯಲ್ಲಿವೆಯೇ ಎಂಬುದು ಕಾಣುತ್ತದೆ. ಅವು ಇಲ್ಲದ ಗಾಡಿಯ ಸ್ಟೇರಿಂಗ್ ಮುಟ್ಟಬೇಡಿ.

9. ಹೈವೇ ಕೈ ಬಿಡಿ, ಗಲ್ಲಿ ಕೈ ಕಲಿಯಿರಿ

ಹೈವೇಯಲ್ಲಿ ಕಣ್ಣು ದೂರಕ್ಕೆ ಇರುತ್ತದೆ. ಊರೊಳಗೆ ಅಪಾಯ ಇರುವುದು ಬಾಗಿಲಿನ ಪಕ್ಕದಲ್ಲೇ. ಎಡಕ್ಕೆ ತಿರುಗುವಾಗ ಕ್ಯಾಬಿನ್ನಿಗೂ ಫುಟ್‌ಪಾತಿಗೂ ನಡುವೆ ನುಗ್ಗುವ ಬೈಕು, ಬಂಪರಿಗೆ ತಾಗಿಕೊಂಡೇ ರಸ್ತೆ ದಾಟುವ ಅಜ್ಜಿ, ಹಿಂದೆ ಚೆಂಡು ಹುಡುಕುವ ಹುಡುಗ: ಇವರು ಯಾರೂ ಕನ್ನಡಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಎಡ ತಿರುವಿಗೆ ಮೊದಲು ಒಮ್ಮೆ ಪೂರ್ತಿ ನಿಧಾನವಾಗಿ, ಎಡಗನ್ನಡಿ ಎರಡು ಸಲ ನೋಡಿ.

ರಿವರ್ಸ್ ಇನ್ನೂ ಕಷ್ಟ. ಲೈನಿನಲ್ಲಿ ‘ಬರ್ಲಿ ಬರ್ಲಿ’ ಎನ್ನಲು ಕ್ಲೀನರ್ ಇದ್ದ. ಇಲ್ಲಿ ಬಹುಪಾಲು ನೀವೊಬ್ಬರೇ. ಇಳಿದು ಹಿಂದೆ ಹೋಗಿ ನೋಡಿ ಬನ್ನಿ, ಆಮೇಲೆ ಗೇರು ಹಾಕಿ. ದಿನಕ್ಕೆ ಇಪ್ಪತ್ತು ಸಲ ಇಳಿದರೂ ಅದು ನಷ್ಟವಲ್ಲ. ಗಾಡಿಯ ಎತ್ತರವನ್ನು ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸು, ಜೋತುಬಿದ್ದ ಕೇಬಲ್ಲು, ಗಣೇಶನ ಹಬ್ಬದ ಕಮಾನು ಹೈವೇಯಲ್ಲಿ ಇರಲಿಲ್ಲ. ನಿಂತಾಗಲೆಲ್ಲ ಹ್ಯಾಂಡ್‌ಬ್ರೇಕು, ಇಳಿಜಾರಾದರೆ ಚಕ್ರಕ್ಕೆ ಕಟ್ಟೆ. ಕ್ಯಾಬಿನ್ನಿನಿಂದ ನೆಗೆಯಬೇಡಿ, ಹಿಡಿದು ಇಳಿಯಿರಿ. ಲೋಕಲ್‌ನಲ್ಲಿ ಮೊದಲು ಸವೆಯುವುದು ಚಾಲಕನ ಮಂಡಿ.

10. ಟ್ರಿಪ್ ಲೆಕ್ಕದ ಆಸೆಗೆ ಬ್ರೇಕು ಹಾಕಿ

ಜಲ್ಲಿ, ಎಂ ಸ್ಯಾಂಡ್ ಟಿಪ್ಪರಿನಲ್ಲಿ ಟ್ರಿಪ್ಪಿಗಿಷ್ಟು ಎಂದು ಕೊಡುವುದು ರೂಢಿ. ಆಗ ಲೈನಿನ ಹಳೆಯ ಚಟ ಮತ್ತೆ ಮೈಮೇಲೆ ಬರುತ್ತದೆ: ಇನ್ನೊಂದು ಟ್ರಿಪ್ಪು, ಇನ್ನೊಂದಿಷ್ಟು ಲೋಡು. ಮಿತಿಮೀರಿದ ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಊರೊಳಗೆ ಓವರ್‌ಲೋಡ್ ಟಿಪ್ಪರಿನ ಬ್ರೇಕು ಹಿಡಿಯದಿದ್ದರೆ ಮುಂದೆ ಇರುವುದು ಖಾಲಿ ರಸ್ತೆಯಲ್ಲ, ಜನ. ನಿಗದಿತ ಸಂಬಳದ ಕೆಲಸ ಸ್ವಲ್ಪ ಕಡಿಮೆ ಕೊಟ್ಟರೂ ಅದನ್ನೇ ಆರಿಸಿಕೊಳ್ಳಿ.

11. ಗಿರಾಕಿಯ ಮುಂದೆ ನೀವೇ ಕಂಪನಿ

ಲೈನಿನಲ್ಲಿ ವಾರಕ್ಕೊಮ್ಮೆ ಸರಕು ಒಪ್ಪಿಸುತ್ತಿದ್ದವರು ಇಲ್ಲಿ ದಿನಕ್ಕೆ ಹತ್ತಾರು ಬಾಗಿಲಿಗೆ ನಿಲ್ಲಬೇಕು. ರಸೀದಿಗೆ ಸಹಿ, ಫೋನಿಗೆ ಬಂದ ಒಟಿಪಿ, ಕ್ಯಾಶಿನ ಲೆಕ್ಕ, ಒಡೆದ ಪೆಟ್ಟಿಗೆಯ ಫೋಟೋ ಎಲ್ಲವೂ ಚಾಲಕನದೇ ಹೊಣೆ. ತಡವಾದರೆ ಅವರು ಕರೆ ಮಾಡುವ ಮುಂಚೆ ನೀವೇ ಮಾಡಿ, ಆದರೆ ಗಾಡಿ ನಿಲ್ಲಿಸಿ. ಮಾತು ಬಲ್ಲವನಿಗೆ ಜಗಳವಿಲ್ಲ. ಒಳ್ಳೆಯ ಮಾತಿನ ಚಾಲಕನನ್ನು ಗಿರಾಕಿಯೇ ಹೆಸರು ಹಿಡಿದು ಕೇಳುತ್ತಾನೆ, ಮುಂದಿನ ಸಂಬಳದ ಮಾತುಕತೆಗೆ ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ.

12. ಮೈಯನ್ನು ಹಗಲಿಗೆ ತಿರುಗಿಸಿ

ವರ್ಷಗಟ್ಟಲೆ ರಾತ್ರಿ ಎಚ್ಚರವಿದ್ದ ದೇಹ ಒಂದೇ ವಾರದಲ್ಲಿ ಬದಲಾಗುವುದಿಲ್ಲ. ಮೊದಲ ತಿಂಗಳು ಮಧ್ಯಾಹ್ನದ ಜೊಂಪು ಜೋರಾಗಿರುತ್ತದೆ. ಏಳುವ ಹೊತ್ತನ್ನು ದಿನವೂ ಒಂದೇ ಇಡಿ, ಭಾನುವಾರವೂ. ನಿದ್ದೆಗೆಡಲು ಹಿಡಿದ ಗುಟ್ಕಾ, ದಣಿವಿಗೆಂದು ಹಿಡಿದ ಕ್ವಾರ್ಟರು ಎರಡನ್ನೂ ಲೈನಿನಲ್ಲೇ ಇಳಿಸಿ ಬನ್ನಿ. ಕಣ್ಣು, ಬಿಪಿ, ಶುಗರ್ ಒಮ್ಮೆ ಪರೀಕ್ಷೆ ಮಾಡಿಸಿ. ಲೈನಿನಲ್ಲಿ ಮುಂದೂಡಿದ ಎಲ್ಲ ಕಾಯಿಲೆಗಳಿಗೂ ಈಗ ಸಮಯವಿದೆ.

13. ಸ್ವಂತ ಗಾಡಿಗೆ ಅವಸರ ಬೇಡ

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಓನರ್ ಆಗುವ ಕನಸು ಚಾಲಕನ ಕೈಗೆ ಎಟುಕಿತು. ಕನಸು ಸರಿ, ಆದರೆ ಮೊದಲ ಆರು ತಿಂಗಳು ಬೇರೆಯವರ ಗಾಡಿಯಲ್ಲಿ ಊರಿನ ಬಾಡಿಗೆಯ ನಾಡಿ ಹಿಡಿಯಿರಿ. ಯಾವ ಅಂಗಡಿಗೆ ನಿತ್ಯ ಗಾಡಿ ಬೇಕು, ಆ್ಯಪ್‌ಗಳು ಕಮಿಷನ್ ಕಳೆದು ಎಷ್ಟು ಕೊಡುತ್ತವೆ, ತಿಂಗಳಿಗೆ ಎಷ್ಟು ದಿನ ಗಾಡಿ ಸುಮ್ಮನೆ ನಿಲ್ಲುತ್ತದೆ ತಿಳಿಯಲಿ. ಇಎಂಐ ಜೊತೆಗೆ ವಿಮೆ, ಟಯರು, ಮತ್ತು ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಬರುವ ಎಫ್‌ಸಿ ಖರ್ಚನ್ನೂ ಸೇರಿಸಿ. ನಿಮ್ಮ ಸಂಬಳವನ್ನೂ ಖರ್ಚಿನಲ್ಲಿ ಬರೆಯಿರಿ. ಅದನ್ನು ಬಿಟ್ಟು ಬರುವ ಲಾಭ ಲಾಭವಲ್ಲ. ವಾಹನ ಕೊಳ್ಳಲು ರಾಜ್ಯದ ಅಭಿವೃದ್ಧಿ ನಿಗಮಗಳ ‘ಸ್ವಾವಲಂಬಿ ಸಾರಥಿ’ ಯೋಜನೆಯಲ್ಲಿ ಸಹಾಯಧನ ಸಿಗುವ ಅವಕಾಶವಿದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ವಿಚಾರಿಸಿ.

14. ಹೆಸರು ನೋಂದಾಯಿಸಿ, ಮನೆಯಲ್ಲೂ ಹೊಂದಿಕೊಳ್ಳಿ

ಊರಲ್ಲಿ ನೆಲೆ ನಿಂತದ್ದರ ದೊಡ್ಡ ಲಾಭ, ಕಚೇರಿಗೆ ಹೋಗಲು ಸಮಯ ಸಿಗುವುದು. ಇ-ಶ್ರಮ್‌ನಲ್ಲಿ ಹೆಸರು ದಾಖಲಿಸಿ. ಮೋಟಾರು ಸಾರಿಗೆ ಕಾರ್ಮಿಕರಿಗೆಂದೇ ಕರ್ನಾಟಕ 2024ರಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿದೆ. ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ವಿಚಾರಿಸಿ. ಆ್ಯಪ್ ಆಧಾರಿತ ಕೆಲಸದವರಿಗೆ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬ್ಯಾಂಕಿನಲ್ಲೇ ಸಿಗುತ್ತದೆ. ಈ ಎಲ್ಲಕ್ಕೂ ಒಂದು ದಿನದ ರಜೆ ಸಾಕು.

ಇನ್ನು ಮನೆ. ನೀವಿಲ್ಲದೆಯೇ ನಡೆಯುವುದನ್ನು ಅದು ಎಂದೋ ಕಲಿತಿದೆ. ರೇಷನ್ನು, ಫೀಸು, ಸಂಘದ ಸಾಲ ಎಲ್ಲವನ್ನೂ ಹೆಂಡತಿ ನಡೆಸಿಕೊಂಡು ಬಂದಿದ್ದಾಳೆ. ಬಂದ ಮೊದಲ ವಾರವೇ ಎಲ್ಲದಕ್ಕೂ ಚೆಕ್‌ಪೋಸ್ಟ್ ಹಾಕಲು ಹೋಗಬೇಡಿ. ಮಕ್ಕಳನ್ನು ಶಾಲೆಗೆ ಬಿಡುವುದೋ ಸಂಜೆಯ ತರಕಾರಿ ತರುವುದೋ, ಒಂದು ಕೆಲಸ ವಹಿಸಿಕೊಂಡು ಅದನ್ನು ತಪ್ಪದೆ ಮಾಡಿ. ಉಳಿದದ್ದು ತಾನಾಗಿ ಬರುತ್ತದೆ.

ಕೊನೆಯದಾಗಿ ಒಂದು ಮಾತು. ಲೈನ್ ಲಾರಿ ಕೀಳು ಕೆಲಸವೂ ಅಲ್ಲ, ಲೋಕಲ್ ಸುಖದ ಕೆಲಸವೂ ಅಲ್ಲ. ಸಾಲ ಹೆಚ್ಚಿದ್ದು ವಯಸ್ಸು ಚಿಕ್ಕದಿದ್ದರೆ ಲೈನಿನಲ್ಲೇ ಇನ್ನೊಂದಿಷ್ಟು ಕಾಲ ಇರುವುದು ಜಾಣತನ. ಮಕ್ಕಳು ಬೆಳೆಯುತ್ತಿದ್ದರೆ, ದೇಹ ಎಚ್ಚರಿಸುತ್ತಿದ್ದರೆ ಬರುವುದು ಜಾಣತನ. ಬರುವುದೇ ಆದರೆ ಲೆಕ್ಕ ಬರೆದು, ಕಾಗದ ಸರಿಮಾಡಿಕೊಂಡು, ಓಡಿಸಿ ನೋಡಿ ಬನ್ನಿ. ಬಂದ ಮೇಲೆ ಕನಿಷ್ಠ ಆರು ತಿಂಗಳು ಕಚ್ಚಿಕೊಂಡು ನಿಲ್ಲಿ. ಮೊದಲ ತಿಂಗಳ ಸಂಬಳ ನೋಡಿ ಬೇಸರಪಟ್ಟು ಲೈನಿನ ಓನರ್‌ಗೆ ಫೋನ್ ಮಾಡಬೇಡಿ.